ಎರಡೂ ಕಡೆಯವರು ಬೈದರೆ ನಾನು ಸರಿ

ನನಗೆ ಯಾವ ವಿಷಯದಲ್ಲೂ ಸ್ವಂತ ಅಭಿಪ್ರಾಯ ಇಲ್ಲ ಎಂದು ಆಗದವರು ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ನನಗೆ ಒಂದು ಅಭಿಪ್ರಾಯ ಇತ್ತು. ಯಾರ ಮಾತೂ ಪೂರ್ತಿ ಸರಿ ಇರುವುದಿಲ್ಲ, ಪೂರ್ತಿ ತಪ್ಪೂ ಇರುವುದಿಲ್ಲ, ಆದ್ದರಿಂದ ಎರಡರ ನಡುವೆ ನಿಂತವನೇ ನ್ಯಾಯವಂತ ಎಂಬುದು ಆ ಅಭಿಪ್ರಾಯ. ಇದನ್ನು ನಾನು ತತ್ವ ಎಂದು ಕರೆಯುತ್ತಿದ್ದೆ. ನನ್ನ ಹೆಂಡತಿ ಶಾಂತಾ ಮಾತ್ರ ಒಪ್ಪುತ್ತಿರಲಿಲ್ಲ. "ತತ್ವ ಅಲ್ಲ ರೀ ಅದು, ಹೆದರಿಕಿ" ಎನ್ನುತ್ತಿದ್ದಳು.

ಶಾಂತಾ ತೀರಿಹೋಗಿ ಎರಡು ತಿಂಗಳಾಯಿತು. ಈಗ ಮನೆಯಲ್ಲಿ ನನ್ನನ್ನು ವಿರೋಧಿಸುವವರು ಯಾರೂ ಇಲ್ಲ. ನಾನು ಏನು ಹೇಳಿದರೂ ಗೋಡೆಗಳು ಒಪ್ಪಿಕೊಳ್ಳುತ್ತವೆ. ಹೀಗೆ ಎಲ್ಲಕ್ಕೂ ಒಪ್ಪಿಗೆ ಸಿಗುತ್ತಾ ಹೋದರೆ ಮನುಷ್ಯ ಕೆಟ್ಟುಹೋಗುತ್ತಾನೆ ಎಂದು ಭಯವಾಯಿತು. ಆದ್ದರಿಂದ ನನ್ನ ಮೇಲೆ ನಾನೇ ಒಂದು ದೂರು ಬರೆದಿಡೋಣ ಎಂದು ಕೂತಿದ್ದೇನೆ.

ನಾವಿಬ್ಬರೂ ಗದಗ ಕಡೆಯವರು. ನಾನು ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ, ಟೂಲ್ ಸ್ಟೋರಿನ ಗುಮಾಸ್ತನಾಗಿದ್ದೆ. ಜಾಲಹಳ್ಳಿಯಲ್ಲಿ ಮನೆಗಳು ಸಾಲದೆ ಕಾರ್ಖಾನೆಯವರು ಯಶವಂತಪುರದಲ್ಲಿ ಒಂದು ಸಾಲು ಮನೆಗಳನ್ನು ಬಾಡಿಗೆಗೆ ಹಿಡಿದು ಕೊಟ್ಟಿದ್ದರು. ಅದನ್ನೂ ನಾವು ಕ್ವಾರ್ಟರ್ಸ್ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬಂದು ನಮ್ಮನ್ನು ತುಂಬಿಕೊಂಡು ಹೋಗುತ್ತಿತ್ತು, ಸಂಜೆ ತಂದು ಸುರಿಯುತ್ತಿತ್ತು.

ಕಾರ್ಖಾನೆಯಲ್ಲಿ ಎರಡು ಸಂಘ. ಹಳೇ ಸಂಘ ಆಡಳಿತದವರ ಜೊತೆ ಕೂತು ಕಾಫಿ ಕುಡಿಯುತ್ತಿತ್ತು. ಹೊಸ ಸಂಘ ಗೇಟಿನ ಹೊರಗೆ ನಿಂತು ಕೂಗುತ್ತಿತ್ತು. ಹಳೇ ಸಂಘದ ಮುಖಂಡರು ಕೃಷ್ಣಸ್ವಾಮಿ. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು. ಹೊಸ ಸಂಘದ ಮುಖಂಡ ಮುನಿರಾಜು, ಅಬ್ಬಿಗೆರೆಯವನು. ಅವನು ಮೆಲ್ಲಗೆ ಮಾತಾಡಿದರೂ ಪಕ್ಕದ ಷೆಡ್ಡಿನವರು ಯಂತ್ರ ನಿಲ್ಲಿಸಿ ಕೇಳುತ್ತಿದ್ದರು.

ಕ್ಯಾಂಟೀನು, ಬಸ್ಸು, ಕ್ವಾರ್ಟರ್ಸು, ಸಣ್ಣಪುಟ್ಟ ಶಿಸ್ತಿನ ವಿಚಾರ ಇವನ್ನೆಲ್ಲ ತೀರ್ಮಾನಿಸಲು ಮೂವರ ಸಮಿತಿ ಎಂದು ಒಂದಿತ್ತು. ಪ್ರತಿ ಸಂಘದಿಂದ ಒಬ್ಬರು. ಮೂರನೆಯವರು ಯಾವ ಸಂಘಕ್ಕೂ ಸೇರಿರಬಾರದು. ಅಂಥವರನ್ನು ಹುಡುಕಿ ಹುಡುಕಿ ಸುಸ್ತಾದ ಮೇಲೆ ನಾನು ಸಿಕ್ಕಿದೆ. ನಾನು ಏಕೆ ಯಾವ ಸಂಘಕ್ಕೂ ಸೇರಿರಲಿಲ್ಲ? ಕೆಲಸಕ್ಕೆ ಸೇರಿದ ಮೊದಲ ದಿನವೇ ಎರಡೂ ಸಂಘದವರು ಅರ್ಜಿ ಹಿಡಿದು ಬಂದಿದ್ದರು. ಇಬ್ಬರಿಗೂ "ಯೋಚನೆ ಮಾಡಿ ಹೇಳ್ತೀನಿ" ಎಂದಿದ್ದೆ. ಹನ್ನೊಂದು ವರ್ಷದಿಂದ ಯೋಚನೆ ಮಾಡುತ್ತಿದ್ದೆ!

ಹೀಗೆ ನಾನು ಮೇಜಿನ ನಡುವಿನ ಕುರ್ಚಿಯಲ್ಲಿ ವಿರಾಜಮಾನನಾದೆ. ಎಡಗಡೆ ಮುನಿರಾಜು, ಬಲಗಡೆ ಕೃಷ್ಣಸ್ವಾಮಿ. ನನ್ನ ವಿಧಾನ ಬಹಳ ಸರಳ. ಇಬ್ಬರೂ ತಮಗೆ ಬೇಕಾದದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು ಕೊಡಬೇಕು. ನಾನು ಎರಡನ್ನೂ ಓದಿ, ಕನ್ನಡಕ ಒರೆಸಿ, ಸರಿಯಾಗಿ ಅರ್ಧಕ್ಕೆ ತರಬೇಕು.

ಮೊದಲ ಪ್ರಕರಣ ಕ್ಯಾಂಟೀನಿನ ಹುಳಿಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂಬುದು. ಬೇಕೇಬೇಕು ಎಂದು ಮುನಿರಾಜು. ಕೂಡದು ಎಂದು ಕೃಷ್ಣಸ್ವಾಮಿ. ನಾನು ಗಂಭೀರವಾಗಿ ತೀರ್ಪು ಕೊಟ್ಟೆ: ಅರ್ಧ ಬೆಳ್ಳುಳ್ಳಿ! ಬೇಕು ಎಂದವರಿಗೆ ವಾಸನೆಯೇ ಸಿಗಲಿಲ್ಲ. ಬೇಡ ಎಂದವರು ತಟ್ಟೆ ಮುಟ್ಟಲಿಲ್ಲ. ಹಂಡೆಗಟ್ಟಲೆ ಹುಳಿ ಉಳಿಯಿತು. ಎರಡೂ ಕಡೆಯವರು ನನ್ನನ್ನು ಹಿಗ್ಗಾಮುಗ್ಗಾ ಬೈದರು.

ಮನೆಗೆ ಬಂದು ಸಂತೋಷದಿಂದ ಶಾಂತಾಗೆ ವರದಿ ಒಪ್ಪಿಸಿದೆ. "ನೋಡು, ಇಬ್ಬರೂ ಬೈದ್ರು. ಒಬ್ಬರೇ ಬೈದಿದ್ರ ನಾನು ಇನ್ನೊಬ್ಬರ ಕಡೆ ಅಂತ ಆಗ್ತಿತ್ತು. ಇಬ್ಬರೂ ಬೈದ್ರು ಅಂದ್ರ ನಾನು ಸರಿ ಅಂತ ಅರ್ಥ."

ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಉಂಡವರೆಲ್ಲಾ ಬೈದ್ರ ಅಡಿಗಿ ಕೆಟ್ಟೈತಿ ಅಂತ ಅರ್ಥ ರೀ."

"ನಿನಗೆ ನಡುವಿನ ದಾರಿಯ ಬೆಲೆ ಗೊತ್ತಿಲ್ಲ."

"ಅಲ್ರೀ, ಒಂದು ಕೇಳ್ತೀನಿ. ನಿಮ್ಮ ಜಾಗಾ ಯಾವುದು ಅಂತ ಅವರಿಬ್ಬರನ್ನ ನೋಡಿ ಗೊತ್ತು ಮಾಡ್ತೀರಿ. ನಾಳೆ ಅವರಿಬ್ಬರೂ ಎದ್ದು ಬಾಗಲದಾಗ ಹೋಗಿ ಕುಂತ್ರ ನೀವೇನು ಮಾಡ್ತೀರಿ?"

ನಾನು ಸ್ವಲ್ಪ ಯೋಚಿಸಿದೆ. "ನಾನೂ ಬಾಗಲಕ್ಕ ಹೋಗಬೇಕಾಗತದ" ಎಂದೆ. "ಆಗ ನಡು ಅಲ್ಲೇ ಇರ್ತದಲ್ಲ!"

"ಹೌದ್ರಿ. ದಾರಿಗೆ ಅಡ್ಡ" ಎಂದಳು ಶಾಂತಾ.

ಚುನಾವಣೆ ಬಂದಾಗಲೂ ಇದೇ ಕಥೆ. ಎದುರಾಳಿ ಪಕ್ಷಗಳ ಎರಡು ಕರಪತ್ರಗಳನ್ನೂ ನಾನು ಬಾಗಿಲಿನ ಎರಡು ರೆಕ್ಕೆಗಳಿಗೆ ಅಂಟಿಸುತ್ತಿದ್ದೆ. ಬಾಗಿಲು ಹಾಕಿದರೆ ಇಬ್ಬರು ಅಭ್ಯರ್ಥಿಗಳೂ ಒಬ್ಬರನ್ನೊಬ್ಬರು ತಬ್ಬಿಕೊಂಡಂತೆ ಕಾಣುತ್ತಿತ್ತು. ಓಟು ಯಾರಿಗೆ ಹಾಕಿದಿರಿ ಎಂದು ಶಾಂತಾ ಕೇಳಿದರೆ ನಾನು ಮುಗುಳ್ನಗುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದು ಸಲ ಮುದ್ರೆಯನ್ನು ಎರಡು ಗುರುತುಗಳ ನಡುವಿನ ಗೆರೆಯ ಮೇಲೆ ಒತ್ತಿ ಬಂದಿದ್ದೆ. ನನ್ನ ಓಟನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡಿರುತ್ತಾರೆ ಎಂದು ಬಹಳ ದಿನ ನಂಬಿದ್ದೆ!

ಆಮೇಲೆ ಬಸ್ಸಿನ ಪ್ರಕರಣ. ಕಾರ್ಖಾನೆಯ ಸೈರನ್ ಏಳೂವರೆಗೆ. ಬಸ್ಸು ಯಶವಂತಪುರದಿಂದ ಗೇಟು ತಲುಪಲು ಇಪ್ಪತ್ತೈದು ನಿಮಿಷ ಬೇಕು. ಆದರೆ ಅದು ಆರೂವರೆಗೇ ಹೊರಡುತ್ತಿತ್ತು. ಚಳಿಯಲ್ಲಿ ಗೇಟಿನ ಮುಂದೆ ಅರ್ಧ ಗಂಟೆಗೂ ಮೀರಿ ನಿಲ್ಲಬೇಕು. ಏಳಕ್ಕೆ ಹೊರಡಲಿ ಎಂದು ಮುನಿರಾಜು, ಇದ್ದಂತೆ ಇರಲಿ ಎಂದು ಕೃಷ್ಣಸ್ವಾಮಿ. ನಾನು ಆರು ಮುಕ್ಕಾಲು ಮಾಡಿದೆ. ಎಲ್ಲರಿಗೂ ಹಿಡಿಸಿತು. ಯಾರೂ ಬೈಯಲಿಲ್ಲವಲ್ಲ ಎಂದು ನನಗೇ ಒಂದು ವಾರ ಕಸಿವಿಸಿ.

ಆರು ತಿಂಗಳ ನಂತರ ವಿಷಯ ಮತ್ತೆ ಬಂತು. ಅಷ್ಟರಲ್ಲಿ ಮುನಿರಾಜು ನನ್ನ ವಿಧಾನವನ್ನು ಅರೆದು ಕುಡಿದಿದ್ದ. ಅವನಿಗೆ ಬೇಕಿದ್ದದ್ದು ಏಳು ಗಂಟೆ. ಕೃಷ್ಣಸ್ವಾಮಿ ಹಟಕ್ಕೆ ಆರು ಎಂದು ಬರೆಯುತ್ತಾರೆ, ತಾನು ಎಂಟು ಎಂದು ಬರೆದರೆ ನಡು ಏಳು ಎಂಬುದು ಅವನ ಎಣಿಕೆ. ಆದರೆ ಕೃಷ್ಣಸ್ವಾಮಿಗೆ ಆ ದಿನ ನೆಗಡಿ. ಹಟ ಮಾಡುವಷ್ಟು ಶಕ್ತಿ ಇಲ್ಲದೆ "ಈಗ ಇರುವಂತೆ ಆರು ಮುಕ್ಕಾಲು" ಎಂದು ಬರೆದುಬಿಟ್ಟರು.

ನಾನು ಅರ್ಧಕ್ಕೆ ತಂದೆ. ಏಳು ಗಂಟೆ ಇಪ್ಪತ್ತೆರಡೂವರೆ ನಿಮಿಷ ಬಂತು. ಆ ಅರೆ ನಿಮಿಷವನ್ನು ಉದಾರವಾಗಿ ಕಾರ್ಖಾನೆಗೆ ಬಿಟ್ಟುಕೊಟ್ಟು ಏಳು ಇಪ್ಪತ್ತೆರಡು ಎಂದು ಬರೆದು ಸಹಿ ಹಾಕಿದೆ. ಅವರಿಬ್ಬರೂ ಸಹಿ ಹಾಕಿದರು!

ಸೋಮವಾರ ಬಸ್ಸು ಏಳು ಇಪ್ಪತ್ತೆರಡಕ್ಕೆ ಶಿಸ್ತಾಗಿ ಹೊರಟಿತು. ದಾರಿಯಲ್ಲೇ ಸೈರನ್ ಕೇಳಿಸಿತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಾವು ತಲುಪುವ ಹೊತ್ತಿಗೆ ಗೇಟು ಹಾಕಿ ಹದಿನೇಳು ನಿಮಿಷವಾಗಿತ್ತು. ಇಡೀ ಬಸ್ಸಿಗೆ ಅರ್ಧ ದಿನ ಗೈರುಹಾಜರಿ. ಅದೂ ಅರ್ಧ!

"ಅಲ್ಲ ಸೋಮಿ, ಸೈರನ್ ಏಳೂವರೆಗೆ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?" ಎಂದು ಮುನಿರಾಜು ತಲೆ ಚಚ್ಚಿಕೊಂಡ.

"ನಿನಗೂ ಗೊತ್ತಿತ್ತಲ್ಲಪ್ಪ. ನೀನು ಯಾಕೆ ಸಹಿ ಹಾಕ್ದೆ?"

"ನೀವು ನಡುವಿನವ್ರು, ಏನೋ ಯೋಚ್ನೆ ಮಾಡಿರ್ತೀರಾ ಅಂದ್ಕಂಡೆ! ನಾನ್ ಸಂಘದವ್ನು. ನಂಗೆ ಯಾಕೆ ಯೋಚ್ನೆ?"

ಇಲ್ಲಿಯವರೆಗೆ ನಗುವಂಥದ್ದು. ನಾನೂ ನಕ್ಕಿದ್ದೇನೆ. ಮುಂದಿನದನ್ನು ಬರೆಯುವಾಗ ಕೈ ಸ್ವಲ್ಪ ನಿಧಾನವಾಗುತ್ತದೆ.

ನಮ್ಮ ಎದುರು ಮನೆಯಲ್ಲಿ ಖಲೀಲ್ ಸಾಹೇಬರು ಇದ್ದರು. ನಮ್ಮ ಕಾರ್ಖಾನೆಯಲ್ಲೇ ಲೇತ್ ಕೆಲಸ. ಒಳ್ಳೆಯ ಕೆಲಸಗಾರ, ಮಿತಭಾಷಿ. ಅವರ ಹೆಂಡತಿ ಜುಬೇದಾಗೂ ಶಾಂತಾಗೂ ಬಹಳ ಬಳಕೆ. ಇವಳ ಗದಗಿನ ಕನ್ನಡ ಅವರಿಗೆ ಅರ್ಧ ತಿಳಿಯದು, ಅವರ ಉರ್ದು ಇವಳಿಗೆ ಅರ್ಧ ತಿಳಿಯದು. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳು ಪಕ್ಕದ ಬೀದಿಯ ಶಾಲೆಗೆ ಹೋಗುತ್ತಿದ್ದರು.

ಟೂಲ್ ಸ್ಟೋರಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಕೆಲಸಗಾರನಿಗೂ ತನ್ನ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಅದನ್ನು ಕಿಟಕಿಯಲ್ಲಿ ಕೊಟ್ಟು ಉಪಕರಣ ತೆಗೆದುಕೊಳ್ಳಬೇಕಿತ್ತು. ನಾನು ಬಿಲ್ಲೆಯನ್ನು ಮೊಳೆಗೆ ನೇತುಹಾಕುತ್ತಿದ್ದೆ. ಸಂಜೆ ಉಪಕರಣ ವಾಪಸು ಕೊಟ್ಟರೆ ಬಿಲ್ಲೆ ವಾಪಸು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಒಂದು ಸಂಜೆ ನಾನು ಕಿಟಕಿಯ ಷಟರನ್ನು ಐದು ನಿಮಿಷ ಮೊದಲೇ ಎಳೆಯುತ್ತಿದ್ದೆ. ಕಾರಣ, ಬಸ್ಸಿನಲ್ಲಿ ಮುಂದಿನ ಸೀಟು. ಇಂಥ ಮಹತ್ಕಾರ್ಯಕ್ಕೆ! ಆಗ ಖಲೀಲ್ ಸಾಹೇಬರು ಓಡೋಡಿ ಬಂದರು. ಕೈಯಲ್ಲಿ ವರ್ನಿಯರ್, ಅಂದರೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಉಕ್ಕಿನ ಅಳತೆಗೋಲು.

"ಸಾಬ್, ಇದೊಂದು ತಗೊಂಡ್ಬಿಡಿ."

"ನಾಳೆ ಕೊಡಿ ಸಾಹೇಬ್ರೇ. ಮುಚ್ಚಾಯ್ತು."

"ನನ್ನ ಪೆಟ್ಟಿಗೆ ಬೀಗ ಕೆಟ್ಟಿದೆ ಸಾಬ್. ಎಲ್ಲಿಡ್ಲಿ?"

"ಊಟದ ಚೀಲದಲ್ಲಿ ಇಟ್ಕೊಳ್ಳಿ. ಒಂದು ರಾತ್ರಿ ತಾನೆ."

"ಗೇಟಲ್ಲಿ ನೋಡಿದ್ರೆ?"

"ನಿಮ್ಮ ಚೀಲ ಯಾರು ನೋಡ್ತಾರೆ?" ಎಂದು ನಾನು ಷಟರ್ ಎಳೆದು ಬಸ್ಸಿಗೆ ಓಡಿದೆ. ಮುಂದಿನ ಸೀಟೇ ಸಿಕ್ಕಿತು.

ಅವತ್ತೇ ಗೇಟಿನವರು ಅವರ ಚೀಲ ನೋಡಿದರು.

ಮರುದಿನದಿಂದ ಖಲೀಲ್ ಸಾಹೇಬರು ಸಸ್ಪೆಂಡ್. ಕಾರ್ಖಾನೆಯ ಸಾಮಾನು ಹೊರಗೆ ಸಾಗಿಸಿದ ಆರೋಪ. ಗುರುವಾರ ಪ್ರಕರಣ ಮೂವರ ಸಮಿತಿಯ ಮುಂದೆ ಬಂತು. ಅಂದರೆ ನನ್ನ ಮುಂದೆ! ತಪ್ಪು ಮಾಡಿದವನೂ ನಾನೇ, ಸಾಕ್ಷಿಯೂ ನಾನೇ, ತೀರ್ಪು ಕೊಡುವವನೂ ನಾನೇ. ಇದಕ್ಕಿಂತ ನಟ್ಟನಡುವೆ ಯಾವ ಮನುಷ್ಯ ಕೂತಿರಲು ಸಾಧ್ಯ?

ಖಲೀಲ್ ಸಾಹೇಬರು ಮೇಜಿನ ಮುಂದೆ ನಿಂತರು. "ಕೊಡೋಕೆ ಹೋದೆ. ಕಿಟಕಿ ಮುಚ್ಚಿತ್ತು ಸಾರ್. ಅದಕ್ಕೆ ಚೀಲದಲ್ಲಿಟ್ಟೆ" ಎಂದರು. ಅಷ್ಟೇ. ಯಾರು ಮುಚ್ಚಿದರು, ಯಾರು ಚೀಲದಲ್ಲಿಡಿ ಎಂದರು ಎಂಬುದನ್ನು ಹೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಆ ಮನುಷ್ಯ ಕಾಯುತ್ತಿದ್ದರು.

ಕೃಷ್ಣಸ್ವಾಮಿ ನನ್ನತ್ತ ತಿರುಗಿದರು. "ಏನ್ರೀ ವಿರೂಪಾಕ್ಷಪ್ಪ, ನಿಮ್ಮ ಕಿಟಕಿ ಅಲ್ವೇ? ಮುಚ್ಚಿತ್ತಾ, ತೆಗೆದಿತ್ತಾ?"

ಮುಚ್ಚಿತ್ತು ಎಂದರೆ ಯಾಕೆ ಬೇಗ ಮುಚ್ಚಿದೆ ಎಂದು ಕೇಳುತ್ತಾರೆ. ತೆಗೆದಿತ್ತು ಎಂದರೆ ಎದುರು ಮನೆಯವರು ಮುಳುಗುತ್ತಾರೆ. ನನ್ನ ತತ್ವ ನನ್ನ ನೆರವಿಗೆ ಧಾವಿಸಿ ಬಂತು.

"ಅರ್ಧ ಮುಚ್ಚಿತ್ತು" ಎಂದೆ.

ಖಲೀಲ್ ಸಾಹೇಬರು ಕಣ್ಣು ಕೆಳಗೆ ಮಾಡಿದರು.

ಚೀಟಿಗಳು ಬಂದವು. ಇಬ್ಬರೂ ಈಗ ಪಳಗಿದ್ದರು. ಕೃಷ್ಣಸ್ವಾಮಿಯ ಚೀಟಿ: ಕೆಲಸದಿಂದ ವಜಾ, ಕ್ವಾರ್ಟರ್ಸು ಖಾಲಿ, ಪೊಲೀಸಿಗೆ ದೂರು. ಮುನಿರಾಜುವಿನ ಚೀಟಿ: ಕೆಲಸಕ್ಕೆ ವಾಪಸು, ಸೂಪರ್‌ವೈಸರ್ ಆಗಿ ಬಡ್ತಿ, ಮೇಲಿನ ಸಾಹೇಬರಿಂದ ಗೇಟಿನಲ್ಲಿ ಹೂಮಾಲೆ!

"ಹೂಮಾಲೆ ಯಾಕಪ್ಪ?" ಎಂದೆ.

ಅವನು ನನ್ನ ಕಿವಿಯಲ್ಲಿ, ಅಂದರೆ ಇಡೀ ಕೋಣೆಗೆ ಕೇಳುವಂತೆ, "ಕೆಲ್ಸ ಉಳುದ್ರೆ ಸಾಕು ಸೋಮಿ. ನೀವು ಎಂಗಿದ್ರೂ ಅರ್ಧ ಕತ್ತರಿಸ್ತೀರಲ್ಲ, ಅದ್ಕೇ ಮಾಲೆ ಸೇರ್ಸಿವ್ನಿ" ಎಂದ.

ನಾನು ಕನ್ನಡಕ ಒರೆಸಿದೆ. ಒರೆಸಿದೆ, ಒರೆಸುತ್ತಲೇ ಇದ್ದೆ. ಕೊನೆಗೆ ತೀರ್ಪು ಬರೆದೆ: ಮಾಲೆ ಇಲ್ಲ, ಪೊಲೀಸೂ ಇಲ್ಲ. ಬಡ್ತಿ ಇಲ್ಲ, ವಜಾ ಕೂಡ ಇಲ್ಲ. ಕೆಲಸ ಇರಲಿ, ಮನೆ ಹೋಗಲಿ!

ಕೃಷ್ಣಸ್ವಾಮಿ ಮೇಜು ಗುದ್ದಿದರು. ಮುನಿರಾಜು ಕುರ್ಚಿ ಒದ್ದ. ಎರಡೂ ಕಡೆಯವರು ಬೈದರು. ಶನಿವಾರ ಮೂವರೂ ಸಹಿ ಮಾಡಿ ಆಫೀಸಿಗೆ ಕಳಿಸುವುದು ಎಂದಾಯಿತು. ನನಗೆ ಮಾತ್ರ ಯಾವತ್ತಿನ ಸಂತೋಷ ಬರಲಿಲ್ಲ. ಬಸ್ಸಿನಲ್ಲಿ ಅವತ್ತು ಹಿಂದಿನ ಸೀಟಿನಲ್ಲಿ ಕೂತೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಶಾಂತಾ ಬಾಗಿಲಲ್ಲೇ ನಿಂತಿದ್ದಳು.

"ಎದುರು ಮನ್ಯಾಗ ಭಾಂಡೆ ಗಂಟು ಕಟ್ಟಾಕ ಹತ್ಯಾರ" ಎಂದಳು. "ಪರೀಕ್ಷಾ ಹತ್ರ ಬಂದೈತಿ, ಹುಡುಗ್ಯಾರ ಪುಸ್ತಕಾನೂ ಟ್ರಂಕಿನಾಗ ಹಾಕ್ಯಾರ. ಏನಿದು?"

ನಾನು ಎರಡು ಚೀಟಿಗಳ ವಿಷಯ, ಅರ್ಧದ ವಿಷಯ ಎಲ್ಲ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು.

"ಕಿಡಕಿ ಮುಚ್ಚಿದ್ದು ಯಾರು?"

"ಅದು... ಅರ್ಧ ಮಟ್ಟಿಗೆ..."

"ಯಾರು ಅಂತ ಕೇಳಿದೆ ರೀ. ಎಷ್ಟು ಅಂತ ಕೇಳಲಿಲ್ಲ."

ನಾನು ಮಂಚದ ಮೇಲೆ ಕೂತೆ. ನಡೆದದ್ದನ್ನು ಹೇಳಿದೆ. ಮುಂದಿನ ಸೀಟಿನ ವಿಷಯವನ್ನೂ ಹೇಳಿದೆ. ಅದನ್ನು ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ.

"ಅವರಿಬ್ಬರಿಗೆ ಗೊತ್ತಿಲ್ಲ, ಏನೋ ಬರದ್ರು" ಎಂದಳು. "ನಿಮಗ ಗೊತ್ತಿತ್ತಲ್ಲ? ಗೊತ್ತಿಲ್ಲದವರಿಬ್ಬರ ನಡುವ ಹೋಗಿ ಗೊತ್ತಿದ್ದಾವ ಖರೇ ಯಾಕ ಹುಡುಕಬೇಕು?"

"ಹೇಳಿದ್ರ ನನ್ನ ನೌಕರಿ ಹೋಗ್ತದ ಶಾಂತಾ. ಮನಿನೂ ಹೋಗ್ತದ."

"ಹೋದ್ರ ಎರಡೂ ಮನಿ ಸಾಮಾನು ಒಂದ ಗಾಡ್ಯಾಗ ಹಾಕೋಣು" ಎಂದಳು.

ಶುಕ್ರವಾರದಂಥ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಸ್ಟೋರಿನಲ್ಲಿ ಖಲೀಲ್ ಸಾಹೇಬರ ಬಿಲ್ಲೆ ಮೊಳೆಯಲ್ಲಿ ನೇತಾಡುತ್ತಿತ್ತು. ಕಿಟಕಿಯಲ್ಲಿ ಗಾಳಿ ಬಂದಾಗಲೆಲ್ಲ ಅದು ಟಿಂಗ್ ಎನ್ನುತ್ತಿತ್ತು. ನಾನು ಕುರ್ಚಿಯ ಮೇಲೆ ಹಾರಿಬೀಳುತ್ತಿದ್ದೆ. ಸ್ಪ್ಯಾನರ್ ಕೇಳಿದವನಿಗೆ ಸುತ್ತಿಗೆ ಕೊಟ್ಟೆ. ಸುತ್ತಿಗೆ ಕೇಳಿದವನಿಗೆ "ನಾಳೆ ಹೇಳ್ತೀನಿ, ನಾಳೆ ಎಲ್ಲಾ ಹೇಳ್ತೀನಿ" ಎಂದೆ. ಅವನು ಹೆದರಿ ಬರಿಗೈಯಲ್ಲೇ ಓಡಿದ. ಕೆಲಸ ಹೋದರೆ ಗದಗಿಗೆ ಹೋಗಿ ಏನು ಮಾಡುವುದು ಎಂದು ಒಂದು ಮನಸ್ಸು. ಜುಬೇದಾ ಗಂಟು ಕಟ್ಟುತ್ತಿರುವ ಪಾತ್ರೆಗಳ ಸದ್ದು ಇನ್ನೊಂದು ಮನಸ್ಸಿನಲ್ಲಿ.

ಸಂಜೆ ಕೂತು ತಪ್ಪೊಪ್ಪಿಗೆ ಬರೆದೆ. ಮೊದಲನೆಯದು ಹೀಗಿತ್ತು: "ಸದರಿ ದಿನ ಸದರಿ ಕಿಟಕಿಯು ಮುಚ್ಚಲ್ಪಟ್ಟಿತು." ಶಾಂತಾ ಓದಿ, "ತಾನ ಮುಚ್ಚಿಕೊಂತೇನ್ರಿ? ದೆವ್ವದ ಕಿಡಕಿ ಏನು?" ಎಂದು ಹರಿದಳು. ಎರಡನೆಯದರಲ್ಲಿ "ನಾನು ಮುಚ್ಚಿದ್ದರೂ ಇರಬಹುದು" ಎಂದು ಬರೆದಿದ್ದೆ. ಅದನ್ನೂ ಹರಿದಳು. ಮೂರನೆಯದರಲ್ಲಿ ಪೂರ್ತಿ ಸತ್ಯ ಇತ್ತು, ಆದರೆ ಕೊನೆಯಲ್ಲಿ "ಎರಡೂ ಕಡೆಯವರ ಭಾವನೆಗಳನ್ನು ಗೌರವಿಸುತ್ತಾ" ಎಂಬ ಒಂದು ಸಾಲು ಸೇರಿಸಿದ್ದೆ. ಅವಳು ಹರಿಯಲಿಲ್ಲ. ಪೆನ್ನು ತೆಗೆದುಕೊಂಡು ಆ ಸಾಲನ್ನಷ್ಟೇ ಹೊಡೆದುಹಾಕಿದಳು. "ಇಷ್ಟ ಸಾಕು" ಎಂದಳು. ನಾಲ್ಕು ಸಾಲಿತ್ತು.

ಶನಿವಾರ ಸಮಿತಿ ಸೇರಿತು. ನಾನು ಎದ್ದು ನಿಂತೆ. ಮೇಜು ಹಿಡಿದುಕೊಂಡೆ, ಮೇಜು ನಡುಗಿತು. "ಆ ಸಂಜೆ ಕಿಟಕಿ ಮುಚ್ಚಿದ್ದು ನಾನು. ಹೊತ್ತಿಗೆ ಮೊದಲೇ ಮುಚ್ಚಿದೆ. ಚೀಲದಲ್ಲಿಟ್ಕೊಳ್ಳಿ ಅಂದಿದ್ದೂ ನಾನೇ. ಖಲೀಲ್ ಸಾಹೇಬರದ್ದು ಏನೂ ತಪ್ಪಿಲ್ಲ."

ಈಗ ಮಹಾಸ್ಫೋಟವಾಗುತ್ತದೆ ಎಂದು ಕಣ್ಣು ಮುಚ್ಚಿದೆ.

"ಯಾವಾಗ ಸೇರಿದ್ರಿ ಹೊಸ ಸಂಘಕ್ಕೆ?" ಎಂದು ಕೃಷ್ಣಸ್ವಾಮಿ ಶಾಂತವಾಗಿ ಕೇಳಿದರು.

"ಏ, ಇವ್ರು ನಮ್ಮೋರಲ್ಲ!" ಎಂದು ಮುನಿರಾಜು ಎದ್ದ. "ನಮ್ಮೋರಾಗಿದ್ರೆ ನಂಗೆ ಮೊದ್ಲೇ ಏಳ್ತಿರ್ಲಿಲ್ವಾ? ಇದೇನೋ ನಿಮ್ದೇ ತಂತ್ರ ಕೃಷ್ಣಸ್ವಾಮಿಗಳೇ!"

"ಇದು ತಂತ್ರ ಅಲ್ಲ, ಸತ್ಯ" ಎಂದೆ.

"ಆಯ್ತು ರೀ, ಸತ್ಯ" ಎಂದರು ಕೃಷ್ಣಸ್ವಾಮಿ. "ಅವರದ್ದು ಏನೂ ತಪ್ಪಿಲ್ಲ ಅಂತ ನೀವು. ಪೂರ್ತಿ ತಪ್ಪು ಅಂತ ನಾನು. ಅರ್ಧ ತಪ್ಪು ಅಂತ ಬರ್ಕೊಳ್ಳೋಣ. ಮುಗೀತಲ್ಲ?"

"ಅದು ಅರ್ಧ ಆಗಲ್ಲ ಸಾರ್!"

"ಇಷ್ಟು ವರ್ಷ ಎಲ್ಲಾ ಅರ್ಧ ಆಗ್ತಿತ್ತಲ್ರೀ!"

ಮುನಿರಾಜು ಕೂಡ ತಲೆಯಾಡಿಸಿದ. "ಅರ್ಧ ತಪ್ಪು ಅಂದ್ರೆ ಕೆಲ್ಸ ಉಳೀತದೆ. ಮನೆ ಇಚಾರ ಆಮ್ಯಾಕೆ ನೋಡುವ. ನೀವೇ ಕಲ್ಸಿದ್ದಲ್ವಾ ಸೋಮಿ ಇದು? ಇಂಗೆ ಈಗ ನೀವೇ ಉಲ್ಟಾ ಒಡುದ್ರೆ ಎಂಗೆ?"

ನೋಡಿ, ನನ್ನ ಗತಿ! ಸುಳ್ಳು ಹೇಳಿದಾಗ ಒಪ್ಪಿದರು, ಅರೆಸತ್ಯ ಹೇಳಿದಾಗ ಬೈದು ಒಪ್ಪಿದರು. ಪೂರ್ತಿ ಸತ್ಯವನ್ನು ಮಾತ್ರ ಚೌಕಾಸಿಗೆ ಇಟ್ಟು ಕೂತರು. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೋ ಏನೋ. ನನ್ನ ಬಾಯಿಂದ ಬಂದ ಸತ್ಯ ಅವರಿಗೆ ಮೂರನೆಯ ಚೀಟಿಯಂತೆ ಕಂಡಿತು.

ಆಗ ನಾನು ಜೀವಮಾನದಲ್ಲಿ ಮೊದಲ ಸಲ ಕಿರುಚಿದೆ. "ಬೆಳ್ಳುಳ್ಳಿ ಅರ್ಧ ಹಾಕಬಹುದು ರೀ! ಷಟರ್ ಎಳೆದದ್ದು ಈ ಪೂರ್ತಿ ಕೈ!" ಎಂದು ಬಲಗೈ ಎತ್ತಿ ತೋರಿಸಿದೆ. ನಡುವಿನ ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಮೇಜನ್ನು ಸುತ್ತಿಕೊಂಡು ಹೋಗಿ, ಗುರುವಾರ ಖಲೀಲ್ ಸಾಹೇಬರು ನಿಂತಿದ್ದ ಜಾಗದಲ್ಲಿ ನಿಂತೆ. ಗಾಂಭೀರ್ಯದಿಂದ ನಡೆಯಬೇಕೆಂದಿದ್ದೆ, ಆದರೆ ಪಂಚೆಯ ಅಂಚು ಕುರ್ಚಿಯ ಮೊಳೆಗೆ ಸಿಕ್ಕಿ ಕುರ್ಚಿಯೂ ನನ್ನ ಜೊತೆ ಅರ್ಧ ದಾರಿ ಬಂತು!

"ನಾನು ಸಮಿತಿಯಲ್ಲಿಲ್ಲ. ನನ್ನ ಮೇಲೆ ದೂರು ಬರ್ಕೊಳ್ಳಿ" ಎಂದು ಆ ನಾಲ್ಕು ಸಾಲಿನ ಕಾಗದ ಮೇಜಿನ ಮೇಲಿಟ್ಟೆ.

ಇಬ್ಬರೇ ಉಳಿದರು. ಇಬ್ಬರ ಸಮಿತಿಗೆ ತೀರ್ಮಾನ ಮಾಡುವ ಅಧಿಕಾರವಿಲ್ಲ. ಮೂರನೆಯವನನ್ನು ಹುಡುಕಿದರು, ಕಾರ್ಖಾನೆಯಲ್ಲಿ ಯಾವ ಸಂಘಕ್ಕೂ ಸೇರದ ಇನ್ನೊಬ್ಬ ಪ್ರಾಣಿ ಸಿಗಲಿಲ್ಲ. ಬೇರೆ ದಾರಿ ಕಾಣದೆ ಕಾಗದಗಳನ್ನೆಲ್ಲ ಮೇಲಿನ ಸಾಹೇಬರಿಗೆ ಕಳಿಸಿದರು. ಅವರಿಗೆ ನನ್ನ ವಿಧಾನದ ಪರಿಚಯ ಇರಲಿಲ್ಲ. ನಾಲ್ಕು ಸಾಲನ್ನು ಓದಿ, ಅದರಲ್ಲಿ ಬರೆದಿದ್ದನ್ನೇ ಅರ್ಥ ಮಾಡಿಕೊಂಡರು! ಮುಂದಿನ ವಾರ ಖಲೀಲ್ ಸಾಹೇಬರು ಕೆಲಸಕ್ಕೆ ಹಾಜರು. ಮನೆ ಉಳಿಯಿತು. ನನಗೆ ಹದಿನೈದು ದಿನ ಸಸ್ಪೆನ್ಷನ್, ಆಮೇಲೆ ಕಾಂಪೌಂಡಿನ ತುತ್ತತುದಿಯ ಗುಜರಿ ಷೆಡ್ಡಿಗೆ ವರ್ಗ. ಅಲ್ಲಿಂದ ಆಚೆಗೆ ಕಾರ್ಖಾನೆಯೇ ಇಲ್ಲ. ನಡುವಿನಲ್ಲಿದ್ದವನನ್ನು ಇದಕ್ಕಿಂತ ಅಂಚಿಗೆ ತಳ್ಳಲು ಗೋಡೆ ಬಿಡಲಿಲ್ಲ.

ಖಲೀಲ್ ಸಾಹೇಬರು ಬಂದು ತಬ್ಬಿಕೊಳ್ಳುತ್ತಾರೆ, ಕಣ್ಣೀರು ಹಾಕುತ್ತಾರೆ ಎಂದೆಲ್ಲ ನಾನು ಕಾದಿದ್ದೆ. ಏನೂ ಇಲ್ಲ. ನಾಲ್ಕು ತಿಂಗಳು ಮಾತೇ ಆಡಲಿಲ್ಲ. ಅವರದ್ದು ತಪ್ಪಲ್ಲ. ಗುರುವಾರ ಕಾದು ನಿಂತವರಿಗೆ ಶನಿವಾರ ಸಿಕ್ಕಿದ್ದು ಉಪಕಾರ ಹೇಗಾದೀತು? ಆಮೇಲೆ ಒಂದು ಸಂಜೆ ಬಸ್ಸಿನಲ್ಲಿ ತಮ್ಮ ಪಕ್ಕದ ಜಾಗದಿಂದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಕೂತ್ಕೊಳ್ಳಿ ಸಾಬ್" ಎಂದರು. ಅಲ್ಲಿಂದ ಸರಿಹೋಯಿತು.

ವರ್ಷಗಳು ಕಳೆದಂತೆ ನನಗೆ ಈ ಪ್ರಸಂಗದ ಬಗ್ಗೆ ಗುಟ್ಟಾಗಿ ಹೆಮ್ಮೆ ಬೆಳೆಯಿತು. ಜೀವನದಲ್ಲಿ ಒಂದು ಸಲವಾದರೂ ಯಾರ ಕಡೆಗೂ ನೋಡದೆ, ಯಾರ ನಡುವೆಯೂ ಅಳೆಯದೆ, ನಾನೇ ಸ್ವಂತವಾಗಿ ಒಂದು ನಿಲುವು ತೆಗೆದುಕೊಂಡಿದ್ದೆ! ಮನೆಗೆ ಬಂದ ನೆಂಟರಿಗೆಲ್ಲ ಹೇಳಿದೆ. ಗುಜರಿ ಷೆಡ್ಡಿಗೆ ಬಂದವರಿಗೆಲ್ಲ ಹೇಳಿದೆ. ನಾನು ಹೇಳುವಾಗಲೆಲ್ಲ ಶಾಂತಾ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

ಅವಳು ಹೋದ ಮೇಲೆ, ಹೋದ ವಾರ ಖಲೀಲ್ ಸಾಹೇಬರು ಬಂದು ಕೂತಿದ್ದರು. ನಾನೇ ಮಾಡಿದ ಚಹಾ, ಸಕ್ಕರೆ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ, ಪಾಪ, ಸುಮ್ಮನೆ ಕುಡಿದರು. ಏನಾದರೂ ಹೇಳಬೇಕೆಂದು ನಾನು ಆ ಶನಿವಾರದ ಕಥೆ ತೆಗೆದೆ. ಅವರು ನಕ್ಕರು.

"ಅದರ ಹಿಂದಿನ ಗುರುವಾರ ಸಂಜೆ ನೀವು ಬಟ್ಟೆ ಬದಲಾಯಿಸ್ತಾ ಇದ್ರಿ ಅನ್ಸುತ್ತೆ. ಅಷ್ಟೊತ್ತಿಗೆ ಭಾಬಿ ನಮ್ಮನೆಗೆ ಬಂದ್ರು ಸಾಬ್" ಎಂದರು. "ಜುಬೇದಾ ಕಟ್ಟಿದ್ದ ಗಂಟೆಲ್ಲ ತಾವೇ ಬಿಚ್ಚಿದ್ರು. ಮಕ್ಕಳ ಪುಸ್ತಕ ಟ್ರಂಕಿಂದ ತೆಗೆದು ಕೊಟ್ರು, ಓದಿ ಅಂದ್ರು. 'ನಮ್ಮವರು ಶನಿವಾರ ಖರೇ ಹೇಳ್ತಾರ, ನೀವು ಎಲ್ಲೂ ಹೋಗಬ್ಯಾಡ್ರಿ' ಅಂದ್ರು. 'ಹೇಳದಿದ್ರ ನಾನ ಗೇಟಿಗೆ ಬಂದು ಹೇಳ್ತೀನಿ' ಅಂದ್ರು. ನಾವು ಶುಕ್ರವಾರ ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ವಿ."

ನಾನು ಲೋಟ ಹಿಡಿದು ಕೂತೆ. ಗುರುವಾರ ಸಂಜೆ ನಾನು ಇನ್ನೂ ಏನನ್ನೂ ನಿರ್ಧರಿಸಿರಲಿಲ್ಲ! ಶುಕ್ರವಾರ ಇಡೀ ದಿನ ನಾನು ಬೆಚ್ಚಿ, ಹಾರಿಬಿದ್ದು, ಮೂರು ಕಾಗದ ಬರೆದು ತಲುಪಿದ ನಿಲುವು ಎದುರು ಮನೆಗೆ ಒಂದು ದಿನ ಮುಂಚೆಯೇ ತಲುಪಿ, ಗಂಟು ಬಿಚ್ಚಿಸಿ, ಮಕ್ಕಳನ್ನು ಓದಲು ಕೂರಿಸಿತ್ತು. ಎದುರು ಮನೆಯ ಮಕ್ಕಳಿಗೂ ಆ ನಿಲುವು ಯಾರದೆಂದು ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

"ಸಾಹೇಬ್ರೇ, ನಿಜ ಹೇಳಿ" ಎಂದೆ. "ಅವಳು ಇಲ್ಲದಿದ್ರೆ ನಾನು ಶನಿವಾರ ಹೇಳ್ತಿದ್ದೆನಾ?"

ಖಲೀಲ್ ಸಾಹೇಬರು ಲೋಟ ಕೆಳಗಿಟ್ಟರು. "ಅದನ್ನ ನಾನು ಹೇಗೆ ಹೇಳ್ಲಿ ಸಾಬ್? ನಿಮಗೇನು ಅನ್ಸುತ್ತೆ?"

ನನಗೆ ಏನು ಅನ್ನಿಸುತ್ತದೆ ಎಂದು ತಿಳಿದುಕೊಳ್ಳಲು, ನಾನು ಅಡುಗೆಮನೆಯ ಕಡೆ ತಿರುಗಿ ನೋಡಿದೆ.